ಹಿಂದೆ ನಡೆಯುವ ಹುಚ್ಚಕ್ಕ

ಹುಚ್ಚಕ್ಕನಿಗೆ ಮುಂದೆ ನಡೆದು ಅಭ್ಯಾಸವೇ ಇಲ್ಲ. ಮದುವೆ ದಿಬ್ಬಣವಿರಲಿ, ರೇಷನ್ ಅಂಗಡಿಯ ಸಾಲಿರಲಿ, ಸಂತೆಗೆ ಹೊರಟ ಹೆಂಗಸರ ಗುಂಪಿರಲಿ, ಆಯಮ್ಮ ಯಾವಾಗಲೂ ಕಟ್ಟಕಡೆಗೆ. ಪಾಪ, ನಾಚಿಕೆ ಸ್ವಭಾವ ಅಂದುಕೊಂಡೀರಿ ಮತ್ತೆ! ನಾಚಿಕೆ ಅನ್ನುವುದು ಅವಳ ಹಟ್ಟಿಯ ಬೇಲಿ ದಾಟಿ ಒಳಗೆ ಬಂದದ್ದೇ ಇಲ್ಲ. ಅವಳು ಕುರಿ ಕಾದವಳು. ಕಾಯುವವರೇ ಮಂದೆಯ ಮುಂದೆ ನಡೆದುಬಿಟ್ಟರೆ ಯಾವ ಕುರಿ ಎತ್ತ ಹೋಯಿತು, ಯಾವುದು ಕುಂಟುತ್ತಿದೆ, ಯಾವುದು ಊರವರ ಶೇಂಗಾ ಹೊಲಕ್ಕೆ ಬಾಯಿ ಹಾಕಿತು ಅಂತ ನೋಡುವವರು ಯಾರು? ಹಾಗಾಗಿ ಹುಚ್ಚಕ್ಕ ಹಿಂದೆ, ಉಳಿದ ಲೋಕವೆಲ್ಲ ಮುಂದೆ. ಐವತ್ತು ವರ್ಷ ಹೀಗೇ ನಡೆದಿತ್ತು, ಯಾರ ತಕರಾರೂ ಇರಲಿಲ್ಲ.

ಹುಟ್ಟಿದ್ದು ಹರಿಯಬ್ಬೆ ಕಡೆಯ ಗೊಲ್ಲರಹಟ್ಟಿಯಲ್ಲಿ, ಕೊಟ್ಟದ್ದು ಯಲ್ಲದಕೆರೆ ಕಡೆಯ ಹಟ್ಟಿಗೆ. ಹೆಸರು ಅಜ್ಜಿಯದು. ಹಟ್ಟಿಯಲ್ಲಿ ಮೂರು ಮನೆಗೊಬ್ಬಳು ಹುಚ್ಚಕ್ಕ ಇದ್ದದ್ದರಿಂದ ಅಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ಅಪ್ಪ ದೊಡ್ಡತಿಮ್ಮಪ್ಪನಿಗೆ ಗಂಡುಮಕ್ಕಳಿಲ್ಲ, ಹಾಗಾಗಿ ಇವಳ ಕೈಗೇ ಕೋಲು ಕೊಟ್ಟು ಗುಡ್ಡ ಹತ್ತಿಸಿದ. ಕಲ್ಲು ಬೀಸುವುದನ್ನು ಕಲಿಸಿದವನೂ ಅವನೇ. ಕಲ್ಲು ಕುರಿಗೆ ತಾಗಬಾರದು. ಮಂದೆ ಬಿಟ್ಟು ಹೊರಟ ಕುರಿಯ ಮೂಗಿನ ಮುಂದೆ, ಒಂದು ಮೊಳ ಆಚೆಗೆ ಬೀಳಬೇಕು. ಕುರಿ ಬೆಚ್ಚಿ, ತಾನಾಗಿ ತಿರುಗಿ ಮಂದೆ ಸೇರಬೇಕು. ತಾಗಿಸುವುದನ್ನು ಯಾರು ಬೇಕಾದರೂ ಮಾಡುತ್ತಾರೆ, ತಾಗಿಸದಿರುವುದಕ್ಕೇ ಕೈ ಪಳಗಬೇಕು. ಇವಳ ಗುರಿ ನೋಡಿದ ಗಂಡ ಜುಂಜಯ್ಯ, ಇವಳ ಹತ್ತಿರ ದೂರ ನಿಂತು ಜಗಳ ಆಡಬಾರದು, ಮಗ್ಗುಲಲ್ಲೇ ನಿಂತು ಆಡಬೇಕು ಅಂತ ಮದುವೆಯಾದ ವರ್ಷವೇ ಹಟ್ಟಿಯೆಲ್ಲ ಹೇಳಿಕೊಂಡು ತಿರುಗಿದ್ದ. ಆ ಜುಂಜಯ್ಯ ತೀರಿಕೊಂಡು ಕೆಲವು ವರ್ಷಗಳಾದವು. ಒಳ್ಳೆಯ ಮನುಷ್ಯ, ನೆನೆದರೆ ಇವಳಿಗೆ ಅಳುವಿಗಿಂತ ಮುಂಚೆ ನಗು ಬರುತ್ತದೆ.

ಚಿತ್ರದುರ್ಗಕ್ಕೆ ಬಂದದ್ದು ಮಗಳು ರಂಜಿತಾಳ ಬಾಣಂತನಕ್ಕೆ. ರಂಜಿತಾ ಆಸ್ಪತ್ರೆಯಲ್ಲಿ ನರ್ಸು, ಅಳಿಯ ಗೋವರ್ಧನ ಬಸ್ ಕಂಡಕ್ಟರು. ಒಬ್ಬರದು ಹಗಲು ಡ್ಯೂಟಿಯಾದರೆ ಇನ್ನೊಬ್ಬರದು ರಾತ್ರಿ. ಮಗುವನ್ನು ನೋಡಿಕೊಳ್ಳುವವರು ಬೇಕಲ್ಲ, ಮೂರು ತಿಂಗಳಿಗೆಂದು ಬಂದವಳು ಉಳಿದೇಬಿಟ್ಟಳು. ಕುರಿಗಳನ್ನು ಮೈದುನ ಕಾಟಯ್ಯನ ಮಂದೆಗೆ ಸೇರಿಸಿದ್ದಾಯಿತು. ಇಲ್ಲಿ ಅವಳಿಗೆ ಏನೂ ಕಮ್ಮಿ ಇಲ್ಲ. ಮಗಳು ಪ್ರೀತಿಯವಳು, ಅಳಿಯ ಮಾತಿನ ಮಲ್ಲ, ಮೊಮ್ಮಗಳಂತೂ ಅಜ್ಜಿಯ ಸೆರಗು ಬಿಟ್ಟವಳಲ್ಲ. ಆದರೆ ಮಗು ಎಲ್‌ಕೆಜಿಗೆ ಹೋಗತೊಡಗಿದ ಮೇಲೆ ಕಾಲುಗಳಿಗೆ ಕೆಲಸ ಇಲ್ಲದಂತಾಯಿತು. ಕೂತರೂ ಕಾಲು ಸುಮ್ಮನಿರದು. ಮಲಗಿದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಡಾಕ್ಟರು ಕ್ಯಾಲ್ಸಿಯಂ ಕಮ್ಮಿ ಅಂದರು. ಹುಚ್ಚಕ್ಕ ಮಾತ್ರೆಯನ್ನೂ ನುಂಗಿದಳು, ಮಗಳ ಸಮಾಧಾನಕ್ಕೆ.

ಮನೆಯ ಮಾಳಿಗೆ ಹತ್ತಿದರೆ ಜೋಗಿಮಟ್ಟಿ ಗುಡ್ಡದ ಸಾಲು ಕಾಣುತ್ತಿತ್ತು, ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತ. ಒಂದು ದಿನ ಬೆಳಿಗ್ಗೆ ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸಿದವಳು ಮನೆಗೆ ಬಾರದೆ ನೆಟ್ಟಗೆ ಗುಡ್ಡದ ಗೇಟಿಗೇ ನಡೆದಳು. ಗೇಟಿನಲ್ಲಿದ್ದ ಫಾರೆಸ್ಟ್ ವಾಚರ್ ತಿಮ್ಮೇಶ್ ಒಳ್ಳೆ ಮಾತಿನಲ್ಲೇ ತಡೆದ. ಕರಡಿ ಓಡಾಡ್ತವೆ, ಒಂಟಿ ಹೆಂಗಸರನ್ನ ಕಾಡಿನ ದಾರಿಗೆ ಬಿಡಾಕೆ ಬರಲ್ಲ, ಹೋಗಲೇಬೇಕು ಅಂದ್ರೆ ಭಾನುವಾರ ಒಂದು ಗುಂಪು ಬರ್ತೈತೆ, ಅವರ ಜತೆ ಹೋಗು ಅಂದ. ಕರಡಿಗೆ ಹೆದರುವವಳಲ್ಲ ಇವಳು. ಆದರೆ ಆ ಹುಡುಗ ನೌಕರಿಗೆ ಹೆದರುವವನು, ಅವನಿಗ್ಯಾಕೆ ತೊಂದರೆ ಅಂತ ಹಿಂದಿರುಗಿದಳು.

ಆ ಗುಂಪನ್ನು ನಡೆಸುತ್ತಿದ್ದವರು ಏಕನಾಥಮ್ಮ. ಹೈಸ್ಕೂಲಿನಲ್ಲಿ ಪೀಟಿ ಮೇಡಂ ಆಗಿ ರಿಟೈರ್ ಆದವರು, ಕೊರಳಿನ ಸೀಟಿ ಮಾತ್ರ ಇನ್ನೂ ರಿಟೈರ್ ಆಗಿರಲಿಲ್ಲ. ಪೇಟೆಯ ಹತ್ತು ಹದಿನೈದು ಜನ, ಟೀಚರುಗಳು, ಅಂಗಡಿಯವರು, ಒಬ್ಬರು ವಕೀಲರು, ಪ್ರತಿ ಭಾನುವಾರ ಬೆಳಿಗ್ಗೆ ಇಲಾಖೆಯ ಅನುಮತಿ ಪಡೆದು ಗುಡ್ಡ ಹತ್ತಿ ಇಳಿಯುತ್ತಿದ್ದರು. ಸಾಲಾಗಿ ನಡೆಯಬೇಕು, ಅವರವರ ಜಾಗದಲ್ಲೇ ನಡೆಯಬೇಕು, ಮಾತು ಕೇಳದವರಿಗೆ ಮುಂದಿನ ಭಾನುವಾರ ಇಲ್ಲ. ಮೇಡಂ ಹುಚ್ಚಕ್ಕನ ಸೀರೆಯ ಕಚ್ಚೆ, ಕಾಲಿನ ಪ್ಲಾಸ್ಟಿಕ್ ಚಪ್ಪಲಿ ಎಲ್ಲ ನೋಡಿ, ಹೆಸರು ಕೇಳಿ, ಒಂದು ಗಳಿಗೆ ತಡೆದು, ಆಮೇಲೆ ಬಹಳ ಗೌರವದಿಂದ ‘ಹುಚ್ಚಕ್ಕನವರೇ, ನೀವು ನಡುವೆ ನಡೀರಿ’ ಅಂದರು. ಹುಚ್ಚಕ್ಕನ ಜೊತೆಗೆ ‘ಅವರು’ ಸೇರಿಸಿದವರು ಅವಳ ಆಯುಸ್ಸಿನಲ್ಲಿ ಅವರೊಬ್ಬರೇ. ಹಿಂದೆ ನಿಂತ ಇಬ್ಬರು ಟೀಚರುಗಳು ಕೆಮ್ಮುವ ನೆಪದಲ್ಲಿ ನಕ್ಕರು. ಹುಚ್ಚಕ್ಕನೂ ನಕ್ಕಳು, ಅವಳಿಗೇನು.

ಆಹಾ, ಆ ಮೊದಲ ಭಾನುವಾರ! ಬಂದರಿಕೆ ಗಿಡದ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಚ್ಚಕ್ಕನ ಕಣ್ಣಲ್ಲಿ ನೀರು ಬಂತು. ಸೀತಾಫಲದ ಗಿಡಗಳು, ತಂಗಡಿ ಹೂವು, ಬಂಡೆಯ ಸಂದಿಯಲ್ಲಿ ನಿಂತ ಮಳೆನೀರು, ಅದರ ಪಕ್ಕ ನವಿಲಿನ ಹೆಜ್ಜೆ, ಎಲ್ಲ ನಮ್ಮೂರ ಕಡೆಯವೇ, ಯಾರೋ ತಂದು ಇಲ್ಲಿ ಇಟ್ಟಿದ್ದಾರೆ ಅನ್ನಿಸಿತು. ಮೇಲಿನ ಗಾಳಿಗೆ ಸೆರಗು ಪಟಪಟ ಬಡಿದುಕೊಳ್ಳುವಾಗ ಜುಂಜಯ್ಯ ಎಲ್ಲೋ ಆಚೆ ಮಗ್ಗುಲಿನಲ್ಲಿ ಬೀಡಿ ಹಚ್ಚಿಕೊಂಡು ಕೂತಿರಬೇಕು ಅನ್ನುವಷ್ಟು ಹತ್ತಿರವಾಯಿತು. ಮನೆಗೆ ಬಂದವಳು ಎರಡು ಮುದ್ದೆ ಉಂಡು ಕಾಲು ಚಾಚಿ ಮಲಗಿದಳು. ಕಾಲು ಹಿಡಿದುಕೊಳ್ಳಲಿಲ್ಲ. ಅಂದಿನಿಂದ ಆಯಮ್ಮನ ವಾರಕ್ಕೆ ಏಳು ದಿನ ಹೋಗಿ ಭಾನುವಾರವೊಂದೇ ಉಳಿಯಿತು.

ತೊಂದರೆ ಇದ್ದದ್ದು ಒಂದೇ, ಆ ನಡುವಿನ ಜಾಗ. ಬೆನ್ನ ಹಿಂದೆ ಜನ ಇದ್ದರೆ ಅವಳಿಗೆ ಕತ್ತು ತುರಿಸಿದಂತಾಗುತ್ತಿತ್ತು. ಹಿಂದಿನವರು ಬಂದರೋ ಇಲ್ಲವೋ, ಯಾರಾದರೂ ಎಡವಿದರೋ, ಏನೂ ಕಾಣುತ್ತಿರಲಿಲ್ಲ. ಸೊಂಟದ ಸೆರಗು ಸರಿ ಮಾಡಿಕೊಳ್ಳುವವಳಂತೆ ನಿಲ್ಲುವುದು, ಚಪ್ಪಲಿಗೆ ಮುಳ್ಳು ಚುಚ್ಚಿದವಳಂತೆ ಕೂರುವುದು, ಹೀಗೆ ಏನಾದರೊಂದು ಆಟ ಹೂಡಿ ಒಬ್ಬೊಬ್ಬರನ್ನೇ ಮುಂದಕ್ಕೆ ಬಿಟ್ಟು ಕೊನೆಗೆ ಸೇರಿಕೊಳ್ಳುತ್ತಿದ್ದಳು. ಮೇಡಂ ತಿರುಗಿ ನೋಡಿ ಸೀಟಿ ಊದುತ್ತಿದ್ದರು. ಇವಳು ಮತ್ತೆ ನಡುವಿಗೆ ಬರುತ್ತಿದ್ದಳು. ಅರ್ಧ ಫರ್ಲಾಂಗು ಹೋಗುವಷ್ಟರಲ್ಲಿ ಮತ್ತೆ ಹಿಂದೆ.

ಎಲ್ಲರಿಗಿಂತ ಮುಂದೆ ಓಡುತ್ತಿದ್ದವರು ಚಿತ್ರಲಿಂಗಪ್ಪ. ಸಂತೆಪೇಟೆ ಕಡೆ ದೊಡ್ಡ ಬಟ್ಟೆ ಅಂಗಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಮರ್ಯಾದೆ. ಏದುಸಿರು ಬಿಡುತ್ತ, ಮುಖ ಕೆಂಪಗೆ ಮಾಡಿಕೊಂಡು, ಆದರೂ ಮೇಡಂ ಬೆನ್ನಿಗೇ ಅಂಟಿಕೊಂಡು ನಡೆಯುತ್ತಿದ್ದರು. ಈ ವಯಸ್ಸಿನಲ್ಲಿ ಇಷ್ಟು ಅವಸರ ಯಾಕೆ ಅಂತ ಯಾರಾದರೂ ಕೇಳಿದರೆ, ಹಿಂದೆ ಉಳಿಯೋದು ನನ್ನ ಜಾತಕದಲ್ಲೇ ಇಲ್ಲ ಅನ್ನುವ ಜಂಬ ಬೇರೆ. ಅವರ ಬಗ್ಗೆ ಹುಚ್ಚಕ್ಕನಿಗೆ ಗೊತ್ತಿದ್ದದ್ದು ಬೆನ್ನು ಮಾತ್ರ, ಅದೂ ದೂರದಿಂದ.

ಮಳೆಗಾಲ ಮುಗಿಯುವ ಹೊತ್ತಿನ ಒಂದು ಭಾನುವಾರ ನಡೆಯಬಾರದ್ದು ನಡೆಯಿತು. ದಾರಿ ಬಂಡೆಯೊಂದನ್ನು ಬಳಸಿ ಮೇಲಕ್ಕೆ ತಿರುಗುವ ಜಾಗ. ಗುಂಪು ಕಾಲ ಕೆಳಗಿನ ಕಲ್ಲು ನೋಡಿಕೊಂಡು ಮುಂದೆ ಸಾಗುತ್ತಿತ್ತು, ಹುಚ್ಚಕ್ಕ ಎಂದಿನಂತೆ ಜಾರಿ ಹಿಂದಕ್ಕೆ ಬಂದು ಮೈ ಹಗುರ ಮಾಡಿಕೊಂಡು ನಡೆಯುತ್ತಿದ್ದಳು. ಮೇಲಿನ ತಿರುವಿನಲ್ಲಿ ಒಂದು ಬಿಳಿ ಬೆನ್ನು ಸಾಲು ಬಿಟ್ಟು ಎಡಗಡೆಯ ಲಂಟಾನದ ಪೊದೆಯತ್ತ ಹೋಗಿ ನಿಂತದ್ದು ಕಂಡಿತು. ಅಷ್ಟೇ ಕಂಡದ್ದು. ಅದು ಚಿತ್ರಲಿಂಗಪ್ಪ, ಸಂತೆಪೇಟೆಯ ಸಾಹುಕಾರರು, ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದು ಬಂದಿದ್ದಾರೆ ಅಂತೆಲ್ಲ ಯೋಚಿಸಲು ತಲೆಗೆ ಪುರಸೊತ್ತು ಸಿಕ್ಕರೆ ತಾನೆ? ಮಂದೆ ಬಿಟ್ಟು ಒಂದು ಹೊರಟಿತು. ಕೈ ನೆಲಕ್ಕೆ ಹೋಯಿತು, ಕಲ್ಲು ಬೆರಳಿಗೆ ಸಿಕ್ಕಿತು, ಬೀಸಿಯೂ ಆಗಿತ್ತು. ಬಾಯಿಂದ ತಾನಾಗಿ ‘ಹೋ... ಟ್ರ್ರ್ಯಾ’ ಅನ್ನುವ ಕೂಗೂ ಹೊರಟಿತು, ಎದುರಿನ ಗುಡ್ಡಕ್ಕೆ ಬಡಿದು ವಾಪಸು ಬರುವಷ್ಟು ಗಟ್ಟಿಯಾಗಿ.

ಕಲ್ಲು ಅಪ್ಪ ಕಲಿಸಿದಂತೆಯೇ ಬಿತ್ತು. ಪೊದೆಯ ಮುಂದಿನ ಬಂಡೆಗೆ, ಸಾಹುಕಾರರ ಮೂಗಿನಿಂದ ಒಂದು ಮೊಳ ಆಚೆಗೆ, ಟಣ್ ಅಂತ. ಅವರು ಕರಡಿಯೇ ಬಂತೆಂದು ತಿಳಿದರು. ಕೆಲಸ ಅರ್ಧಕ್ಕೇ ಬಿಟ್ಟು, ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ‘ಅಯ್ಯಯ್ಯೋ’ ಅನ್ನುತ್ತ ದಾರಿಗೆ ಓಡಿ ಬಂದು, ಎಲ್ಲರ ನಡುವೆ ಕುಂಡೆ ಊರಿ ಕೂತರು. ಪ್ಯಾಂಟು ಒದ್ದೆ. ಒಂದು ಗಳಿಗೆ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಕೆಳಗೆ ದಾರಿಯಲ್ಲಿ ಕೈ ಎತ್ತಿದ ಹಾಗೇ ಕಲ್ಲಾಗಿ ನಿಂತಿದ್ದ ಹುಚ್ಚಕ್ಕನನ್ನು ನೋಡಿದರು. ವಕೀಲರು ನಗೆಯನ್ನು ಹಲ್ಲು ಕಚ್ಚಿ ತಡೆಯಲು ನೋಡಿ ಸೋತರು. ಒಬ್ಬರು ನಕ್ಕಮೇಲೆ ಮುಗಿಯಿತಲ್ಲ, ಟೀಚರುಗಳು ಸೆರಗು ಬಾಯಿಗೆ ತುಂಬಿಕೊಂಡು ಮರಕ್ಕೆ ಒರಗಿ ನಕ್ಕರು. ಚಿತ್ರಲಿಂಗಪ್ಪ ಮಾತ್ರ ನಗಲಿಲ್ಲ. ನಕ್ಕವರನ್ನೂ ನೋಡಲಿಲ್ಲ, ಹುಚ್ಚಕ್ಕನನ್ನೂ ನೋಡಲಿಲ್ಲ. ಎದ್ದು, ಮಣ್ಣು ಕೊಡವಿಕೊಂಡು, ಒಬ್ಬರೇ ಗೇಟಿನ ಕಡೆಗೆ ಇಳಿದು ಹೋದರು.

ಏಕನಾಥಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಹುಚ್ಚಕ್ಕನಿಗೆ ಸುಲಭವಾಗುತ್ತಿತ್ತು, ಎರಡು ಮಾತು ಅನ್ನಿಸಿಕೊಂಡು ಎರಡು ಮಾತು ತಾನೂ ಅಂದು ಮುಗಿಸಬಹುದಿತ್ತು. ಅವರು ಗೇಟಿನ ಹೊರಗೆ ಬಂದಮೇಲೆ ಪಕ್ಕಕ್ಕೆ ಕರೆದು ಮೆಲ್ಲಗೇ ಹೇಳಿದರು. ‘ಹುಚ್ಚಕ್ಕನವರೇ, ಇನ್ನು ಬರಬ್ಯಾಡ್ರಿ. ಇವತ್ತು ಬಂಡೆಗೆ ಬಿತ್ತು, ನಾಳೆ ಯಾರದಾದ್ರೂ ತಲೆಗೆ ಬಿದ್ರೆ ನಾನೇನು ಜವಾಬು ಕೊಡ್ಲಿ? ಇವ್ರು ಮನುಷ್ಯರು, ಕುರಿಗಳಲ್ಲ.’

ತಲೆಗೆ ಬೀಳಲ್ಲ ಮೇಡಮ್ಮೋರೆ, ಬೀಳದಂಗೇ ಬೀಸೋದು ಅಂತ ಹೇಳಬೇಕೆಂದುಕೊಂಡಳು. ಆದರೆ ಆ ಮಾತು ತನಗೇ ಸರಿ ಅನ್ನಿಸದೆ ಬಾಯಿ ಮುಚ್ಚಿಕೊಂಡಳು. ಮನುಷ್ಯನಿಗೆ ಕಲ್ಲು ಬೀಸಿದ್ದು ಬೀಸಿದ್ದೇ.

ಮನೆಯಲ್ಲಿ ರಂಜಿತಾ ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ಸಿಟ್ಟಾದಳು. ಊರ ದೊಡ್ಡ ಮನುಷ್ಯರು, ಹಬ್ಬಕ್ಕೆ ಅವರ ಅಂಗಡೀಲೇ ಬಟ್ಟೆ ತರೋದು ನಾವು, ಇನ್ನು ಯಾವ ಮುಖ ಹೊತ್ತು ಹೋಗಲಿ ಅಂತ ಗೊಣಗಿದಳು. ಗೋವರ್ಧನ ಅತ್ತೆಯ ಪರ ನಿಂತು, ನಮ್ಮ ಬಸ್ಸಿಗೂ ಬರ್ರಿ ಅತ್ತೆ, ಬಾಗಿಲಲ್ಲಿ ನೇತಾಡೋರಿಗೆಲ್ಲ ನಾಲ್ಕು ಕಲ್ಲು ಬೀಸೀರಂತೆ ಅಂದ. ಹುಚ್ಚಕ್ಕ ನಗಲಿಲ್ಲ. ಅವಳಿಗೆ ಸಂಕಟವಾಗಿತ್ತು. ಜುಂಜಯ್ಯ ಹೋದಾಗಲೂ ಕುರಿಯ ಹಿಂದೆ ನಡೆದೇ ದುಃಖ ಕಳೆದವಳು. ಕುರಿ ಬಿಟ್ಟು ಬಂದ ದುಃಖವನ್ನು ಈ ಗುಂಪಿನ ಹಿಂದೆ ನಡೆದು ಕಳೆಯುತ್ತಿದ್ದಳು. ಈಗ ಗುಡ್ಡವೂ ಹೋಯಿತು. ಮುಂದಿನ ಭಾನುವಾರ ಮಾಳಿಗೆಯ ಮೇಲೆ ನಿಂತು ಆ ಗುಡ್ಡದ ಸಾಲನ್ನು ನೋಡುತ್ತ, ಈಗ ಬಂಡೆ ದಾಟಿರ್ತಾರೆ, ಈಗ ಮೇಲೆ ಕೂತು ಮಂಡಕ್ಕಿ ತಿಂತಿರ್ತಾರೆ ಅಂತ ಲೆಕ್ಕ ಹಾಕಿದಳು. ಆ ರಾತ್ರಿ ಕಾಲು ಮತ್ತೆ ಹಿಡಿದುಕೊಂಡಿತು.

ಆದರೆ ಗುಡ್ಡ ಹೋದದ್ದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿದ್ದದ್ದು ಸಾಹುಕಾರರು ತಲೆ ತಗ್ಗಿಸಿ ಇಳಿದು ಹೋದ ರೀತಿ. ವಾರದ ನಡುವೆ ಒಂದು ಮಧ್ಯಾಹ್ನ, ಯಾರಿಗೂ ಹೇಳದೆ, ಬಟ್ಟೆ ಅಂಗಡಿಗೆ ಹೋದಳು. ಮೆಟ್ಟಿಲು ಹತ್ತುವಾಗಲೇ ಪಕ್ಕದ ಪಾತ್ರೆ ಅಂಗಡಿಯವನು ಸಾಹುಕಾರರ ಅಂಗಡಿಯತ್ತ ಬಾಯಿ ತಿರುಗಿಸಿ ‘ಟ್ರ್ರ್ಯಾ’ ಅಂತ ಕೂಗಿ ನಕ್ಕದ್ದು ಕೇಳಿಸಿತು. ಸುದ್ದಿ ಗುಡ್ಡದಿಂದ ಇಳಿದು ಪೇಟೆಯೆಲ್ಲ ತಿರುಗಿತ್ತು. ಅಯ್ಯೋ ನನ್ನ ಕೈ ಸೇದಿ ಹೋಗ ಅಂತ ತನ್ನನ್ನೇ ಬೈದುಕೊಂಡು ಒಳಗೆ ಹೋದಳು.

ಚಿತ್ರಲಿಂಗಪ್ಪ ಲೈನಿಂಗ್ ಬಟ್ಟೆ ಅಳೆಯುತ್ತಿದ್ದರು. ತಲೆ ಎತ್ತಿ ನೋಡಿದವರು ಮತ್ತೆ ಬಟ್ಟೆಯ ಮೇಲೆ ಕಣ್ಣು ಇಟ್ಟರು. ಹುಚ್ಚಕ್ಕ ತಪ್ಪಾತು ಅಂದಳು. ಆಯ್ತು ಹೋಗಮ್ಮ ಅಂದರು. ಹಿಡಿದ ಬಟ್ಟೆ ಬಿಡಲಿಲ್ಲ, ಕೂರು ಅನ್ನಲಿಲ್ಲ. ಇಷ್ಟು ಹೇಳಿದರೆ ಆಯಿತೇ ಅನ್ನಿಸಿ ಅವಳು ಹೋಗಲಾರದೆ ಅಲ್ಲೇ ನಿಂತಳು.

‘ಅಣ್ಣ, ಒಂದು ಮಾತು ಹೇಳಿ ಹೋಗ್ತೀನಿ’ ಅಂದಳು. ‘ನಿಮ್ಮನ್ನ ಕುರಿ ಅಂತ ಹಗುರ ಮಾಡಿ ಬೀಸಿದ್ದಲ್ಲ ಅದು. ಬ್ಯಾರೆಯವರ ಕುರಿ ಮಂದೆ ಬಿಟ್ಟು ಎತ್ತ ಹೋದ್ರೂ ನಾವು ಕಲ್ಲು ಮುಟ್ಟಲ್ಲ. ಅದು ನಮ್ಮದಲ್ಲ, ಅದರ ಒಡೆಯ ನೋಡ್ಕಂತಾನೆ. ನಮ್ಮದಾದ್ರೆ ಮಾತ್ರ ಕೈ ತಾನಾಗೇ ನೆಲಕ್ಕೆ ಹೋಗ್ತೈತೆ. ಅವತ್ತು ಯಾಕೋ ಹೋಗೇಬಿಡ್ತು.’

ಚಿತ್ರಲಿಂಗಪ್ಪ ಅಳತೆಗೋಲು ಎತ್ತಿಕೊಂಡರು. ಅಳೆದ ಬಟ್ಟೆಯನ್ನು ಮತ್ತೊಮ್ಮೆ ಮೊದಲಿನಿಂದ ಅಳೆಯತೊಡಗಿದರು. ಹುಚ್ಚಕ್ಕ ಇದು ಮುಗಿದ ಕತೆ ಅಂದುಕೊಂಡು ಮೆಟ್ಟಿಲಿಳಿದಳು. ದಾರಿಯಲ್ಲಿ ಮೊಮ್ಮಗಳಿಗೆ ಬೆಂಡು ಬತ್ತಾಸು ಕೊಂಡಳು. ಹೇಳಬೇಕಾದ್ದನ್ನು ಹೇಳಿದ್ದಕ್ಕೆ ಎದೆ ತುಸು ಹಗುರವಾಗಿತ್ತು, ಅಷ್ಟು ಸಾಕೆಂದು ಮನಸ್ಸಿಗೆ ಬುದ್ಧಿ ಹೇಳಿಕೊಂಡಳು.

ಭಾನುವಾರ ಬೆಳಿಗ್ಗೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದಾಗ ಕೆಳಗಿನಿಂದ ರಂಜಿತಾ ಕೂಗಿದಳು. ಫೋನಿನಲ್ಲಿ ಏಕನಾಥಮ್ಮ. ದನಿಯಲ್ಲಿ ಸಿಡುಕಿತ್ತು. ಗುಂಪೆಲ್ಲ ಗೇಟಿನಲ್ಲೇ ನಿಂತಿದೆ, ಚಿತ್ರಲಿಂಗಪ್ಪನವರು ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಿದ್ದಾರೆ, ಹುಚ್ಚಕ್ಕ ಬಾರದೆ ಏಳೋದಿಲ್ಲ ಅಂತಿದ್ದಾರೆ, ಬಿಸಿಲು ಏರ್ತಾ ಐತೆ, ಬೇಗ ಬರ್ರಿ ಅಂದರು. ಎಲ್ಲರೆದುರು ಬೈಯಲು ಕರೆಸುತ್ತಿದ್ದಾರೆ ಅಂದುಕೊಂಡಳು ಹುಚ್ಚಕ್ಕ. ಬೈಯಲಿ, ಬೈಸಿಕೊಳ್ಳುವುದಕ್ಕಾದರೂ ಗುಡ್ಡದ ಬುಡದವರೆಗೆ ಹೋದಂತಾಯಿತು ಅಂತ ಗೋವರ್ಧನನ ಬೈಕು ಹತ್ತಿದಳು. ಮೆಣಸಿನಕಾಯಿಯ ಕೈಯನ್ನೂ ತೊಳೆದಿರಲಿಲ್ಲ.

ಚಿತ್ರಲಿಂಗಪ್ಪ ನಿಜವಾಗಿಯೂ ಬೆಂಚಿನ ಮೇಲೆ ಕೂತಿದ್ದರು, ಹಟ ಹಿಡಿದ ಮಗುವಿನ ಹಾಗೆ. ಸುತ್ತ ನಿಂತವರು ನಗಬೇಕೋ ಬೇಡವೋ ತಿಳಿಯದೆ ತಮ್ಮ ತಮ್ಮ ಶೂ ನೋಡಿಕೊಳ್ಳುತ್ತಿದ್ದರು. ಹುಚ್ಚಕ್ಕ ಬಂದು ಕೈಮುಗಿದು ನಿಂತಳು. ಅವರು ಅವಳ ಕಡೆಗೆ ನೋಡಲಿಲ್ಲ, ಮೇಡಂ ಕಡೆಗೆ ತಿರುಗಿದರು.

‘ನಾನು ಯಾಕೆ ಯಾವಾಗ್ಲೂ ಮುಂದೆ ಓಡ್ತೀನಿ ಗೊತ್ತೇನ್ರಿ ಮೇಡಂ? ನನಗೆ ಉಸಿರು ಸಾಲಲ್ಲ. ಹಿಂದೆ ಉಳಿದು ಎಲ್ಲಾದ್ರೂ ಕುಸಿದು ಕೂತ್ರೆ ಯಾರಿಗೂ ತಿಳಿಯಲ್ಲ ಅನ್ನೋ ಭಯ. ಜಂಬ ಅಲ್ಲರಿ, ಭಯ.’ ಬೆಂಚಿನ ಅಂಚು ಹಿಡಿದು ಉಸಿರೆಳೆದುಕೊಂಡು ಮುಂದುವರಿಸಿದರು. ‘ಅವತ್ತು ನಾನು ಸಾಲು ಬಿಟ್ಟು ಹೋದೆ. ನೀವೆಲ್ಲ ನನ್ನ ಜತೆ ಎರಡು ವರ್ಷದಿಂದ ನಡೀತಿದ್ದೀರಿ, ಒಬ್ರಿಗೂ ಗೊತ್ತಾಗ್ಲಿಲ್ಲ. ಈಯಮ್ಮಗೆ ಗೊತ್ತಾತು. ಕಲ್ಲು ಬೀಸಿದ್ದಕ್ಕೆ ನನಗೂ ಸಿಟ್ಟು ಐತೆ, ಇನ್ನೂ ಐತೆ. ಆದ್ರೆ ಈಯಮ್ಮ ಹಿಂದೆ ಇರಬೇಕು. ಇಲ್ಲಾಂದ್ರೆ ನಾನು ಗುಡ್ಡಕ್ಕೆ ಬರಲ್ಲ.’

ವಕೀಲರು ಕನ್ನಡಕ ಒರೆಸಿಕೊಂಡರು. ಏಕನಾಥಮ್ಮ ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದವರು, ಇಷ್ಟು ವರ್ಷ ನಾನು ಮುಂದೆ ನಡೀತಾ ಬಂದೆ, ಹಿಂದಿನವರ ಉಸಿರು ನನಗೆ ಕೇಳಿಸಿದ್ದೇ ಇಲ್ಲ ಅಂತ ತಮಗೆ ತಾವೇ ಹೇಳಿಕೊಂಡಂತೆ ಅಂದರು. ಆಮೇಲೆ ಪೀಟಿ ಮೇಡಂ ಆದರು. ‘ಹುಚ್ಚಕ್ಕನವರು ಕೊನೇಲಿ. ಕಲ್ಲು ಮಾತ್ರ ಬ್ಯಾಡ. ಬಾಯಿ ಐತಲ್ಲ, ಕೂಗ್ರಿ.’

ಹುಚ್ಚಕ್ಕನಿಗೆ ಕುಣಿಯಬೇಕು ಅನ್ನುವಷ್ಟು ಖುಷಿಯಾಯಿತು. ಕಣ್ಣು ಒರೆಸಿಕೊಳ್ಳಲು ಹೋಗಿ, ಕೈಯಲ್ಲಿದ್ದ ಮೆಣಸಿನಕಾಯಿಯ ಖಾರ ಹತ್ತಿ, ಇನ್ನಷ್ಟು ನೀರು ಬಂತು. ವಾಚರ್ ತಿಮ್ಮೇಶ್ ಗಾಬರಿಯಾಗಿ ನೀರಿನ ಬಾಟಲಿ ಹಿಡಿದು ಓಡಿ ಬಂದ. ಕಣ್ಣು ತೊಳೆದುಕೊಂಡು ನೋಡುವಷ್ಟರಲ್ಲಿ ಗುಂಪು ಹೊರಟಿತ್ತು. ಕಾಡಿನ ದಾರಿಯ ಉದ್ದಕ್ಕೂ ಅಷ್ಟೂ ಬೆನ್ನುಗಳು, ಒಂದರ ಹಿಂದೆ ಒಂದು. ಅವಳ ಹಿಂದೆ ಯಾರೂ ಇಲ್ಲ, ಗಾಳಿ ಮಾತ್ರ.

ಚಿತ್ರಲಿಂಗಪ್ಪ ಆವತ್ತು ಎಲ್ಲರಿಗಿಂತ ನಿಧಾನ. ಟೀಚರುಗಳು ದಾಟಿ ಹೋದರು, ವಕೀಲರು ದಾಟಿ ಹೋದರು. ಅವರು ತಿರುವಿಗೊಂದು ಸಲ ಸೊಂಟದ ಮೇಲೆ ಕೈಯಿಟ್ಟು ನಿಂತು, ಬೇಕಾದಷ್ಟು ಉಸಿರು ಎಳೆದುಕೊಂಡು, ಸೀತಾಫಲದ ಗಿಡ ನೋಡಿ, ದೂರದ ಊರು ನೋಡಿ, ಮತ್ತೆ ನಡೆದರು. ಅವರು ನಿಂತಾಗಲೆಲ್ಲ ಹುಚ್ಚಕ್ಕನೂ ತುಸು ದೂರದಲ್ಲಿ ನಿಂತಳು. ಗುಡ್ಡದ ನೆತ್ತಿ ಮುಟ್ಟುವತನಕ ಚಿತ್ರಲಿಂಗಪ್ಪ, ಹಿಂದೆ ಅವಳಿದ್ದಾಳೋ ಇಲ್ಲವೋ ಅಂತ ಒಂದು ಸಲವೂ ತಿರುಗಿ ನೋಡಲಿಲ್ಲ.